ತೊಗರಿ ಹೊಲಕ್ಕೊಂದು ಮಾರಿಷಸ್ ವಿಳಾಸ

ಕೊಹಿನೂರದಲ್ಲಿ ಮಳೆ ಕೈಕೊಟ್ಟರೆ ತಹಶೀಲ್ದಾರರಿಗೊಂದು ಅರ್ಜಿ. ಮಳೆ ಮಿತಿಮೀರಿದರೂ ಅವರಿಗೇ ಅರ್ಜಿ. ಟಿಸಿ ಸುಟ್ಟರೆ ಕರೆಂಟ್ ಆಫೀಸಿಗೆ ಅರ್ಜಿ. ಹೊಸ ಟಿಸಿ ಬಂದು ಅದೂ ಸುಟ್ಟರೆ ಹಳೆ ಅರ್ಜಿಯ ಝೆರಾಕ್ಸ್ ಹಚ್ಚಿ ಇನ್ನೊಂದು ಅರ್ಜಿ. ಬಸವಕಲ್ಯಾಣ ತಾಲ್ಲೂಕಿನ ರೈತನ ಹಕ್ಕುಗಳೆಲ್ಲ ಕೊನೆಗೆ ಒಂದು ಬಿಳಿ ಹಾಳೆಯ ಮೇಲೆ 'ತಮ್ಮ ವಿಶ್ವಾಸಿ' ಎಂಬಲ್ಲಿಗೆ ಬಂದು ಮುಗಿಯುತ್ತವೆ. ಆದರೆ ಈ ಭೂಮಿಯ ಮೇಲೆ ಅರ್ಜಿ ಬರೆಯದ ಜಾತಿಯೊಂದಿದೆ. ಜಾತಿ ಸಮೀಕ್ಷೆಯಲ್ಲಿ ಅದಕ್ಕೆ ಕಾಲಂ ಇಲ್ಲ. ಸರ್ಕಾರದ ಮೇಲೆ ಸಿಟ್ಟು ಬಂದರೆ ಅದು ತಹಶೀಲ್ ಕಚೇರಿಗೂ ಹೋಗದು, ದೇಶದ ಸುಪ್ರೀಂ ಕೋರ್ಟಿಗೂ ಹೋಗದು. ಹೇಗ್‌ನಲ್ಲೋ ಲಂಡನ್ನಿನಲ್ಲೋ ವಾಷಿಂಗ್ಟನ್ನಿನಲ್ಲೋ ಮೂವರು ಪಂಚರನ್ನು ಕೂರಿಸಿ, ಒಂದಿಡೀ ದೇಶವನ್ನು ಎದುರಿಗೆ ನಿಲ್ಲಿಸಿ, 'ನನ್ನ ಲಾಭ ಎಲ್ಲಿ?' ಎಂದು ಕೇಳುತ್ತದೆ. ಅದರ ಹೆಸರು ವಿದೇಶಿ ಹೂಡಿಕೆದಾರ.

ನಮ್ಮ ಕಾಕಾನಿಗೆ ಈ ಜಾತಿಗೆ ಸೇರುವ ಆಸೆ ಹುಟ್ಟಿದ್ದು 2025ರ ಮಳೆಗಾಲ ಮುಗಿದ ಮೇಲೆ. ಆ ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ ಬೀದರ್, ಕಲಬುರಗಿ ಕಡೆ ಸುರಿದ ಮಳೆಗೆ ಹೆಸರು, ಉದ್ದು ರಾಶಿಗೆ ಮೊದಲೇ ಮೊಳಕೆಯೊಡೆದವು, ಸೋಯಾ ನಿಂತಲ್ಲೇ ಕೊಳೆಯಿತು. ಮುಖ್ಯಮಂತ್ರಿಗಳು ಹೆಲಿಕಾಪ್ಟರಿನಿಂದ ನೋಡಿ ಹೋದರು. ಮೇಲಿಂದ ನೋಡಿದರೆ ಕೊಳೆತ ಸೋಯಾ ಕೂಡ ಹಸಿರಾಗಿಯೇ ಕಾಣುತ್ತದೆ. ವಿಪತ್ತು ಪರಿಹಾರದ ಕೇಂದ್ರದ ಲೆಕ್ಕ ಆಗ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ ₹8,500, ಅದೂ 2 ಹೆಕ್ಟೇರಿನ ಮಟ್ಟಿಗೆ. ರಾಜ್ಯ ತನ್ನ ಕಡೆಯಿಂದ ಇನ್ನೊಂದು ₹8,500 ಸೇರಿಸಿತು. ಬೀಜ, ಗೊಬ್ಬರ, ಆಳಿನ ಕೂಲಿಗೇ ಇದು ಸಾಲದು ಎಂದವರಿಗೆ ಉತ್ತರ ಸಿದ್ಧವಿದೆ: ಸ್ವಾಮಿ, ಇದಕ್ಕೆ ಇನ್‌ಪುಟ್ ಸಬ್ಸಿಡಿ ಎನ್ನುತ್ತಾರೆ. ನಷ್ಟ ತುಂಬಿಕೊಡುತ್ತೇವೆ ಎಂದು ಯಾರು ಹೇಳಿದರು?

ನಾನು ಆ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಇಟಲಿಯ ಕತೆ ಹೇಳಿಬಿಟ್ಟೆ.

ಇಟಲಿಯ ಆಡ್ರಿಯಾಟಿಕ್ ಸಮುದ್ರದಲ್ಲಿ ಒಂಬ್ರಿನಾ ಮಾರೆ ಎಂಬ ಎಣ್ಣೆ ನಿಕ್ಷೇಪ. ದಡದ ಜನ ಬೇಡವೆಂದು ಬೀದಿಗಿಳಿದರು. ತೀರದಿಂದ 12 ನಾಟಿಕಲ್ ಮೈಲಿಯೊಳಗೆ ಎಣ್ಣೆ ತೆಗೆಯಕೂಡದೆಂದು ಅಲ್ಲಿನ ಸಂಸತ್ತು ಕಾನೂನು ಮಾಡಿತು. ರಾಕ್‌ಹಾಪರ್ ಎಂಬ ಬ್ರಿಟಿಷ್ ಕಂಪನಿ ಎನರ್ಜಿ ಚಾರ್ಟರ್ ಒಪ್ಪಂದವನ್ನು ಹಿಡಿದುಕೊಂಡು ಪಂಚಾಯ್ತಿಗೆ ಹೋಯಿತು. 2022ರ ಆಗಸ್ಟ್‌ನಲ್ಲಿ ಪಂಚರು ಕೊಡಿಸಿದ್ದು 19 ಕೋಟಿ ಯೂರೋ, ಮೇಲೆ ಬಡ್ಡಿ. ಕಂಪನಿ ಹಾಕಿದ್ದು ಅದರಲ್ಲೊಂದು ಪಾಲು ಮಾತ್ರ. ಉಳಿದದ್ದು ತೆಗೆಯದ ಎಣ್ಣೆಯನ್ನು ಮಾರದೆ ಗಳಿಸಿದ ಲಾಭ.

ಕಾಕಾ ಚಾದ ಬಸಿ ಕೆಳಗಿಟ್ಟ. "ತಮ್ಮಾ, ಬೆಳೀನೇ ಬಂದಿಲ್ಲ, ಆದ್ರೂ ರಾಶಿ ರೊಕ್ಕ ಕೊಟ್ಟಾರ?"

ಕೊಡಬೇಕೆಂಬ ತೀರ್ಪಂತೂ ಬಂದಿತ್ತು. 2025ರ ಜೂನ್‌ನಲ್ಲಿ ಆ ತೀರ್ಪು ರದ್ದಾಯಿತು, ಒಬ್ಬ ಪಂಚರು ತಮ್ಮ ಹಳೆಯ ಸಂಗತಿಯೊಂದನ್ನು ಹೇಳದೆ ಕುಳಿತಿದ್ದರೆಂಬ ಕಾರಣಕ್ಕೆ. ಎಣ್ಣೆ, ಹವಾಮಾನ, ದಡದ ಜನ, ಇವು ಯಾವುವೂ ಆ ಕಾರಣದಲ್ಲಿರಲಿಲ್ಲ. ಆದರೆ ಕಂಪನಿ ಅಷ್ಟು ಪೆದ್ದಲ್ಲ. ತೀರ್ಪು ರದ್ದಾದರೆ ಏನು ಗತಿ ಎಂಬುದಕ್ಕೂ ಮೊದಲೇ ವಿಮೆ ಮಾಡಿಸಿತ್ತು. ಫಸಲ್ ಬಿಮಾ ಕಂತು ಕಟ್ಟಿ, ಮೊಬೈಲಿನಲ್ಲಿ ಬೆಳೆ ಸರ್ವೆ ತಪ್ಪಾಗಿದೆಯೆಂದು ಸೇವಾ ಕೇಂದ್ರದ ಮುಂದೆ ಪಾಳಿ ನಿಂತ ಅನುಭವವಿರುವ ಕಾಕಾ ಈ ಮಾತು ಕೇಳಿ ಎರಡು ನಿಮಿಷ ಮಾತಾಡಲಿಲ್ಲ. ಗೌರವದಿಂದ.

ಈ ಎನರ್ಜಿ ಚಾರ್ಟರ್ ಎಂಬುದು 1994ರ ಡಿಸೆಂಬರ್‌ನಲ್ಲಿ ಲಿಸ್ಬನ್‌ನಲ್ಲಿ ಸಹಿಯಾದದ್ದು. ಸೋವಿಯತ್ ಒಕ್ಕೂಟ ಆಗಷ್ಟೇ ಮುರಿದುಬಿದ್ದಿತ್ತು. ಅಲ್ಲಿನ ಎಣ್ಣೆ, ಗ್ಯಾಸಿಗೆ ಹಣ ಹಾಕುವ ಪಶ್ಚಿಮದ ಕಂಪನಿಗಳಿಗೆ ಭಯವಾಗದಿರಲೆಂದು ಯುರೋಪಿನವರು ಕಾವಲಿಗೆ ಒಂದು ನಾಯಿ ಸಾಕಿದರು. ನಾಯಿ ಬೆಳೆದು ಮನೆಯವರನ್ನೇ ಕಚ್ಚತೊಡಗಿತು. ನೆದರ್ಲೆಂಡ್ಸ್ 2030ರ ನಂತರ ಕಲ್ಲಿದ್ದಲಿನಿಂದ ಕರೆಂಟ್ ಮಾಡಬಾರದೆಂದು ಕಾನೂನು ತಂದಿತು. ಜರ್ಮನಿಯ ಆರ್‌ಡಬ್ಲ್ಯುಇ ಕಂಪನಿ 2021ರಲ್ಲಿ 140 ಕೋಟಿ ಯೂರೋ ಪರಿಹಾರ ಕೇಳಿತು. ಅಲ್ಲಿದ್ದ ಅದರ ಕಲ್ಲಿದ್ದಲು ಸ್ಥಾವರ ಕೆಲಸ ಶುರು ಮಾಡಿದ್ದು 2015ರಲ್ಲಿ, ಜಗತ್ತೆಲ್ಲ ಪ್ಯಾರಿಸ್‌ನಲ್ಲಿ ಸೇರಿ ತಾಪಮಾನ ಏರಿಕೆ ತಡೆಯುತ್ತೇವೆಂದು ಕೈಕುಲುಕಿದ ವರ್ಷ. ಭೂಮಿ ಕಾಯುತ್ತಿದೆ ಎಂಬುದು ಕಂಪನಿಗೆ ಆಮೇಲೆ ತಿಳಿದ ಹೊಸ ಸುದ್ದಿಯಂತೆ. ಪಾಪ, ಈ ಒಪ್ಪಂದಗಳ ಭಾಷೆಯಲ್ಲಿ ಹೇಳುವುದಾದರೆ ಅದರ 'ನ್ಯಾಯಯುತ ನಿರೀಕ್ಷೆ'ಗೆ ಪೆಟ್ಟು ಬಿತ್ತು. 2023ರಲ್ಲಿ ದಾವೆ ಹಿಂದೆಗೆದುಕೊಂಡಿತೆನ್ನಿ. ಆದರೆ ಬೇರೆ ದೇಶಗಳ ಮಂತ್ರಿಗಳಿಗೆ ಮುಟ್ಟಬೇಕಾದ ಸಂದೇಶ ಅಷ್ಟರೊಳಗೆ ಮುಟ್ಟಿತ್ತು. ಇಂಥ ಒಪ್ಪಂದಗಳು ಹವಾಮಾನ ಕ್ರಮಗಳಿಗೆ ಅಡ್ಡಗಾಲಾಗಬಹುದೆಂದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ ಐಪಿಸಿಸಿಯ 2022ರ ವರದಿಯೇ ಬರೆಯಿತು. ವಿಜ್ಞಾನಿಗಳು ವಕೀಲರ ಬಗ್ಗೆ ಬರೆಯುವಂತಾದರೆ ವಿಷಯ ಎಲ್ಲಿಗೆ ಬಂದಿದೆಯೆಂದು ತಿಳಿಯಬೇಕು.

ಹೇಗ್‌ನಲ್ಲಿ ಶಾಂತಿ ಅರಮನೆ ಎಂಬ ಕಟ್ಟಡವಿದೆ. ಅಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಕೂರುತ್ತದೆ. 2025ರ ಜುಲೈ 23ರಂದು ಅದು ಹೇಳಿದ್ದು: ಹವಾಮಾನ ಕಾಪಾಡುವುದು ದೇಶಗಳ ಕರ್ತವ್ಯ, ಕಲ್ಲಿದ್ದಲು, ಎಣ್ಣೆಗಳಿಗೆ ಪರವಾನಗಿ, ಸಬ್ಸಿಡಿ ಕೊಡುತ್ತ ಸುಮ್ಮನಿದ್ದರೆ ಅದೇ ತಪ್ಪಾಗಬಹುದು. ಅದೇ ಕಟ್ಟಡದಲ್ಲಿ ಶಾಶ್ವತ ಪಂಚಾಯ್ತಿ ನ್ಯಾಯಾಲಯದ ಕಚೇರಿಯೂ ಇದೆ. ಪರವಾನಗಿ ರದ್ದು ಮಾಡಿದ ದೇಶವನ್ನು ಕಂಪನಿಗಳು ಎಳೆದು ತರುವ ಬಾಗಿಲುಗಳಲ್ಲಿ ಅದೂ ಒಂದು. ಹೀಗಾಗಿ ಕಲ್ಲಿದ್ದಲು ಬಿಡದ ಮಂತ್ರಿಗೂ ಬಿಟ್ಟ ಮಂತ್ರಿಗೂ ಒಂದೇ ವಿಳಾಸಕ್ಕೆ ಸಮನ್ಸ್ ಬರಬಹುದು. ಟ್ಯಾಕ್ಸಿ ಖರ್ಚು ಉಳಿಯಿತು.

ಚಾರ್ಟರಿನ ಈ ಕತೆಗೆ ಕಾಕಾ ಕೊಟ್ಟ ಪ್ರತಿಕ್ರಿಯೆ ಬೇರೆಯೇ: "ಇದ್ಯಾಂವ ಬರದಾನೋ ಛಲೋ ಬರದಾನ. ನಮ್ಮ ಹೊಲಕ್ಕೂ ಇಂಥಾದೊಂದು ಬರಸಬೇಕು ನೋಡು."

ಭಾರತ ಆ ಚಾರ್ಟರ್‌ಗೆ ಸಹಿ ಹಾಕಿಲ್ಲ ಎಂದೆ. ಹಾಗೆಂದು ನಾವು ಹಿಂದೆ ಬಿದ್ದವರೂ ಅಲ್ಲ. ಅದೇ 1994ರಲ್ಲಿ ಬ್ರಿಟನ್ ಜೊತೆ ಮೊದಲ ದ್ವಿಪಕ್ಷೀಯ ಹೂಡಿಕೆ ಒಪ್ಪಂದ ಮಾಡಿಕೊಂಡೆವು, ಆಮೇಲೆ ಕೇಳಿದವರಿಗೆಲ್ಲ ಕೊಟ್ಟೆವು. ಅದರಲ್ಲಿ ಮಾರಿಷಸ್ಸಿನದು ಕಾಮಧೇನು. ನಮ್ಮ ಪಕ್ಕದ ಮಹಾರಾಷ್ಟ್ರದ ದಾಭೋಳ ನೆನಪಿರಬಹುದು. ರತ್ನಾಗಿರಿ ದಂಡೆಯಲ್ಲಿ ಎನ್ರಾನ್ ಸ್ಥಾವರಕ್ಕೆ 1993ರಲ್ಲಿ ಒಪ್ಪಂದ. ಕರೆಂಟ್ ಎಷ್ಟು ತುಟ್ಟಿಯಾಯಿತೆಂದರೆ 2001ರಲ್ಲಿ ಅಲ್ಲಿನ ವಿದ್ಯುತ್ ಮಂಡಳಿ ಕೊಳ್ಳುವುದನ್ನೇ ನಿಲ್ಲಿಸಿತು. ಅದೇ ಡಿಸೆಂಬರ್‌ನಲ್ಲಿ ಎನ್ರಾನ್ ಕೂಡ ದಿವಾಳಿಯೆದ್ದಿತು. ಉಳಿದ ಪಾಲುದಾರರು ಬೆಕ್ಟೆಲ್ ಮತ್ತು ಜಿಇ, ಎರಡೂ ಅಮೆರಿಕದವು. ಅಮೆರಿಕಕ್ಕೂ ನಮಗೂ ಇಂಥ ಒಪ್ಪಂದವೇ ಇಲ್ಲ. ಆದರೆ ಅವರ ಹಣ ಮಾರಿಷಸ್ ಕಂಪನಿಗಳ ಬಾಗಿಲಿನಿಂದ ಒಳಗೆ ಬಂದಿತ್ತು. ಆದ್ದರಿಂದ ಅವರು ಮಾರಿಷಸ್ಸಿನವರಾದರು, ದಾವೆ ಹೂಡಿದರು, 2005ರಲ್ಲಿ ರಾಜಿಯಲ್ಲಿ ಹಣ ಪಡೆದರು. ಬಸವಕಲ್ಯಾಣದಿಂದ ಪುಣೆ, ಮುಂಬಯಿಗೆ ದುಡಿಯಲು ಹೋದವನು ಮೂವತ್ತು ವರ್ಷ ಅಲ್ಲಿದ್ದರೂ ರೇಷನ್ ಕಾರ್ಡಿನ ವಿಳಾಸ ಬದಲಿಸಲು ಒದ್ದಾಡುತ್ತಾನೆ.

ನಮ್ಮ ಕರ್ನಾಟಕದ ಕೋಜೆಂಟ್ರಿಕ್ಸ್ ಕತೆ ಇನ್ನೂ ಸೊಗಸು. ಅದೂ ದಾಭೋಳದಂತೆ ಆ ಕಾಲದ ಎಂಟು 'ಫಾಸ್ಟ್ ಟ್ರ್ಯಾಕ್' ಯೋಜನೆಗಳಲ್ಲೊಂದು: ಪಡುಬಿದ್ರಿ ಸಮೀಪ ನಂದಿಕೂರಿನಲ್ಲಿ ಸಾವಿರ ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ, ಅಮೆರಿಕದ ಕೋಜೆಂಟ್ರಿಕ್ಸ್ ಮತ್ತು ಹಾಂಗ್‌ಕಾಂಗಿನ ಚೈನಾ ಲೈಟ್ ಆಂಡ್ ಪವರ್ ಜಂಟಿಯಾಗಿ. ರಾಜ್ಯದ ಖಾತರಿ ಸಾಲದೆಂದು ಕೇಂದ್ರದ ಪ್ರತಿ-ಖಾತರಿ ಬೇಡಿದರು. ಕರಾವಳಿಯ ಪರಿಸರವಾದಿಗಳು ಕೋರ್ಟು ಹತ್ತಿದರು. 1999ರ ಡಿಸೆಂಬರ್‌ನಲ್ಲಿ ಕಂಪನಿ ಬೇಸತ್ತು ಗಂಟುಮೂಟೆ ಕಟ್ಟಿತು. ಜನ ಗೆದ್ದೆವೆಂದರು. ಕಂಪನಿ ಹೋಯಿತು, ಕಲ್ಲಿದ್ದಲು ಹೋಗಲಿಲ್ಲ. ಪಕ್ಕದ ಎಲ್ಲೂರಿನಲ್ಲಿ ಅದಕ್ಕಿಂತ ದೊಡ್ಡದು, 1,200 ಮೆಗಾವ್ಯಾಟಿನದು, ಆಮದು ಕಲ್ಲಿದ್ದಲಿನದು, ದೇಸಿ ಬಂಡವಾಳದಲ್ಲೇ ಎದ್ದು ನಿಂತಿತು. ಹಸಿರು ನ್ಯಾಯಮಂಡಳಿ 2022ರಲ್ಲಿ ಅದಕ್ಕೆ ₹52 ಕೋಟಿ ದಂಡ ಹಾಕಿತು. ವಿದೇಶಿ ಹೂಡಿಕೆದಾರನನ್ನು ಬೈಯುವ ಅವಸರದಲ್ಲಿ ನಾವು ಸ್ವದೇಶಿ ಹೊಗೆಗೆ ತುಳಸಿ ನೀರು ಚಿಮುಕಿಸುವವರು ಎಂಬುದನ್ನೂ ಇಲ್ಲೇ ದಾಖಲಿಸುತ್ತೇನೆ.

ಈಗ ಕಾಕಾನಿಗೆ ತೀರ ಹಿಡಿಸಿದ ಕತೆ. ವೈಟ್ ಇಂಡಸ್ಟ್ರೀಸ್ ಎಂಬ ಆಸ್ಟ್ರೇಲಿಯಾ ಕಂಪನಿ 1989ರಲ್ಲಿ ಕೋಲ್ ಇಂಡಿಯಾ ಜೊತೆ ಇಂದಿನ ಜಾರ್ಖಂಡಿನ ಪಿಪರ್‌ವಾರ್ ಗಣಿಗೆ ಕರಾರು ಮಾಡಿಕೊಂಡಿತು. ಬೋನಸ್, ದಂಡದ ಜಗಳ. 2002ರಲ್ಲಿ ಪಂಚಾಯ್ತಿ ತೀರ್ಪು ಕಂಪನಿಯ ಕಡೆಗಾಯಿತು, ಸುಮಾರು 40 ಲಕ್ಷ ಆಸ್ಟ್ರೇಲಿಯನ್ ಡಾಲರ್. ಕೋಲ್ ಇಂಡಿಯಾ ಕಲ್ಕತ್ತಾ ಹೈಕೋರ್ಟಿಗೆ ಹೋಯಿತು, ಕಂಪನಿ ದಿಲ್ಲಿ ಹೈಕೋರ್ಟಿಗೆ ಹೋಯಿತು, ನಂತರ ಸುಪ್ರೀಂ ಕೋರ್ಟು, ತಾರೀಖು, ತಾರೀಖು, ತಾರೀಖು. ಎಂಟು ವರ್ಷವಾದರೂ ಹಣ ಕೈಗೆ ಬರಲಿಲ್ಲ. ಆಗ ಕಂಪನಿ ಭಾರತ–ಆಸ್ಟ್ರೇಲಿಯಾ ಒಪ್ಪಂದ ತೆಗೆಯಿತು. ಅದರಲ್ಲಿ ಕೋರ್ಟಿನ ವಿಳಂಬದ ಮಾತಿಲ್ಲ. ಪರವಾಗಿಲ್ಲ, ಕುವೈತಿನ ಜೊತೆಗಿನ ಒಪ್ಪಂದದಲ್ಲಿದೆ! ಕುವೈತಿನವರಿಗೆ ಕೊಟ್ಟದ್ದನ್ನು ನಮಗೂ ಕೊಡಬೇಕು ಎಂದಿತು. 2011ರ ನವೆಂಬರ್‌ನಲ್ಲಿ ಪಂಚರು ಒಪ್ಪಿದರು: ಭಾರತದ ಕೋರ್ಟುಗಳು ತಡ ಮಾಡುತ್ತವೆ, ಅದಕ್ಕೆ ಭಾರತ ಹಣ ಕಟ್ಟಬೇಕು. ಭಾರತ ಇಂಥ ಒಪ್ಪಂದದಡಿ ಸೋತ ಮೊದಲ ತೀರ್ಪು ಅದು.

ಕಾಕಾನ ಬಾಂದಿನ ಕೇಸು ಅವನ ಅಪ್ಪನ ಕಾಲದ್ದು. ವಾದಿ ಸತ್ತ, ಪ್ರತಿವಾದಿ ಸತ್ತ, ಬಾಂದಿನ ಮೇಲಿದ್ದ ಬೇವಿನ ಮರವೂ ಒಣಗಿತು. ಕೇಸು ಮಾತ್ರ ಗಟ್ಟಿಮುಟ್ಟಾಗಿದೆ. "ಅಂದ್ರ ತಡಾ ಆದ್ರ ರೊಕ್ಕ ಬರ್ತದ! ಕುವೈತಿನಾಗ ನಮ್ಮೂರ ಹುಡುಗ್ರು ಅದಾರಲ್ಲ, ಅವರ ಹೆಸರಿಗಿ ಬರಸಿದ್ರ?" ಎಂದ. ನನಗೆ ತಿಳಿದಮಟ್ಟಿಗೆ ಅಂತರರಾಷ್ಟ್ರೀಯ ಕಾನೂನಿನ ಈ 'ಪರಮಾಪ್ತ ರಾಷ್ಟ್ರ' ತತ್ವವನ್ನು ಇಷ್ಟು ಬೇಗ ಹಿಡಿದವರು ವಿಶ್ವವಿದ್ಯಾಲಯದಲ್ಲಿಲ್ಲ.

ಆದರೆ ಬಿಸಿಲಿನ ಬಗ್ಗೆ ಹೇಳಲೇಬೇಕು. ಒಪ್ಪಂದಗಳು ಬರೀ ಕಲ್ಲಿದ್ದಲಿಗೆ ಕೊಡೆ ಹಿಡಿಯುತ್ತವೆ ಎಂದರೆ ಅರ್ಧ ಸತ್ಯ. ಸ್ಪೇನ್ ಸೌರ ವಿದ್ಯುತ್ತಿಗೆ ಧಾರಾಳ ದರ ಕೊಡುತ್ತೇನೆಂದು ಕರೆದು, 2010ರ ನಂತರ ಕತ್ತರಿಸಿತು. ವಿದೇಶಿ ಹೂಡಿಕೆದಾರರು 50ಕ್ಕೂ ಹೆಚ್ಚು ದಾವೆ ಹಾಕಿದರು, ಬಹಳ ಕಡೆ ಗೆದ್ದರು. ಸರ್ಕಾರ ಮಾತಿಗೆ ತಪ್ಪಬಾರದು, ಅದು ಸರಿಯೇ. ಇನ್ನು ನಮ್ಮ ರಾಜ್ಯಕ್ಕೆ ಬನ್ನಿ. 2014–15ರಲ್ಲಿ ಜಮೀನುಳ್ಳ ರೈತರಿಗೆ 1ರಿಂದ 3 ಮೆಗಾವ್ಯಾಟ್ ಸೌರ ಘಟಕ ಹಾಕಿರಿ, ಯೂನಿಟ್‌ಗೆ ₹8.40 ಕೊಡುತ್ತೇವೆ ಎಂದು ಒಪ್ಪಂದವಾಯಿತು. ಭೂಪರಿವರ್ತನೆ, ಲೈನ್ ಮಂಜೂರಾತಿಗಳು ಸರ್ಕಾರಿ ಮೇಜುಗಳ ಮೇಲೆ ತಿಂಗಳುಗಟ್ಟಲೆ ಮಲಗಿದವು. ಮಲಗಿಸಿದವರೇ ಆಮೇಲೆ 'ನೀವು ತಡ ಮಾಡಿದಿರಿ' ಎಂದರು. ಎಸ್ಕಾಂ ಕೊಟ್ಟ ಕಾಲಾವಕಾಶವನ್ನು ವಿದ್ಯುತ್ ನಿಯಂತ್ರಣ ಆಯೋಗ ಒಪ್ಪಲಿಲ್ಲ, ದರ ಕಡಿತವಾಯಿತು. ರೈತರು ದಿಲ್ಲಿಯ ಮೇಲ್ಮನವಿ ಮಂಡಳಿಗೆ ಹೋದರು, ಗೆದ್ದರು. ಬೆಸ್ಕಾಂ ಸುಪ್ರೀಂ ಕೋರ್ಟಿಗೆ ಎಳೆಯಿತು. 2024ರ ಆಗಸ್ಟ್‌ನಲ್ಲಿ, ಹಿರೇಹಳ್ಳಿ ಸೋಲಾರ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಬೆಸ್ಕಾಂನ ಮೇಲ್ಮನವಿ ತಳ್ಳಿಹಾಕಿತು. ಸಹಿಯಿಂದ ತೀರ್ಪಿಗೆ ಒಂಬತ್ತು ವರ್ಷ, ಹೆಚ್ಚುಕಡಿಮೆ ವೈಟ್ ಇಂಡಸ್ಟ್ರೀಸ್ ಕಾದಷ್ಟೇ. ಆಸ್ಟ್ರೇಲಿಯಾದವನಿಗೆ ಅದು ಒಪ್ಪಂದದ ಉಲ್ಲಂಘನೆ, ಕರ್ನಾಟಕದವನಿಗೆ ಅದು ಕಾನೂನಿನ ಸಹಜ ಪ್ರಕ್ರಿಯೆ. ಕಲ್ಲಿದ್ದಲಿಗೆ ಸಿಕ್ಕ ಮರ್ಯಾದೆ ಬಿಸಿಲಿಗೆ ಸಿಗಬೇಕಾದರೆ ಬಿಸಿಲೂ ವಿದೇಶದಿಂದ ಬರಬೇಕು.

ಬೀದರ್ ಜಿಲ್ಲೆಗೆ ಬಿಸಿಲಿನ ಕೊರತೆಯಿಲ್ಲ, ಮಂತ್ರಿಗಳ ಕೊರತೆಯೂ ಇಲ್ಲ. ನಮ್ಮ ಸಂಸದರಾಗಿದ್ದ ಭಗವಂತ ಖೂಬಾ 2021ರಿಂದ 2024ರವರೆಗೆ ಕೇಂದ್ರದಲ್ಲಿ ನವೀಕರಿಸಬಹುದಾದ ಇಂಧನದ ರಾಜ್ಯ ಸಚಿವರು. ಭಾಲ್ಕಿಯ ಈಶ್ವರ ಖಂಡ್ರೆ 2023ರಲ್ಲಿ ರಾಜ್ಯದಲ್ಲಿ ಅರಣ್ಯ, ಪರಿಸರ ಸಚಿವರಾದರು. ಹೀಗೆ ಒಂದು ವರ್ಷ ಕಾಲ ಒಂದು ಕೈಯಲ್ಲಿ ಸೂರ್ಯನನ್ನೂ ಇನ್ನೊಂದು ಕೈಯಲ್ಲಿ ಕಾಡನ್ನೂ ಹಿಡಿದಿದ್ದ ಜಿಲ್ಲೆ ನಮ್ಮದು. ಎರಡು ಕೈ ಎರಡು ಪಕ್ಷದವಾದ್ದರಿಂದ ಚಪ್ಪಾಳೆಯಾಗಲಿಲ್ಲ.

ಹೊರಗಿನವರಿಗೊಂದು, ನಮ್ಮವರಿಗೊಂದು ಎಂಬ ನ್ಯಾಯ ತೊಗರಿಯ ವಿಷಯದಲ್ಲೂ ಅಷ್ಟೇ. 2025–26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ ₹8,000 ಎಂದು ಘೋಷಣೆ. ಅದರ ಜೊತೆಗೇ 2026ರ ಮಾರ್ಚ್‌ವರೆಗೆ ಸುಂಕವಿಲ್ಲದ ಆಮದು. ಮೊಜಾಂಬಿಕ್‌ನಿಂದ ವರ್ಷಕ್ಕೆ 2 ಲಕ್ಷ ಟನ್ ತೊಗರಿ ತರಿಸಲು ಎರಡು ಸರ್ಕಾರಗಳ ನಡುವೆ ಸಹಿ ಹಾಕಿದ ಒಡಂಬಡಿಕೆಯೇ ಇತ್ತು. ಮೊಜಾಂಬಿಕ್ ತೊಗರಿಗೆ ಒಡಂಬಡಿಕೆ, ಕೊಹಿನೂರ ತೊಗರಿಗೆ ನೆಟೆ ರೋಗ.

ಆದ್ದರಿಂದ ಕಾಕಾನ ಕರಡು ಸಿದ್ಧವಾಯಿತು. ಅವನು ಹೇಳಿದ, ನಾನು ಬರೆದೆ, ಹುಮನಾಬಾದ್ ಕೋರ್ಟಿನ ವಕೀಲರೊಬ್ಬರು ಕಾಮಾ ಹಾಕಿದರು. ಹೊಲವನ್ನು ಮಾರಿಷಸ್ಸಿನ ಕಂಪನಿಯೊಂದರ ಹೆಸರಿಗೆ ಬರೆಯತಕ್ಕದ್ದು. ಕಂಪನಿಗೆ ಅಲ್ಲಿ ಒಂದು ಅಂಚೆ ಡಬ್ಬಿ ಸಾಕು, ಬಾವಿ ಬೇಕಿಲ್ಲ. ಮೃಗಶಿರದಲ್ಲಿ ಮಳೆ ಬರುತ್ತದೆ, ಚಳಿಗಾಲದಲ್ಲಿ ಚಳಿ ಬರುತ್ತದೆ ಎಂಬ ನ್ಯಾಯಯುತ ನಿರೀಕ್ಷೆಯಿಂದ ಬಿತ್ತಲಾಗಿದ್ದು, ಅದನ್ನು ಕೆಡಿಸಿದ ಎಲ್ಲ ಹೊಗೆಗೊಳವೆಗಳ ಮಾಲೀಕರೂ, ಪರವಾನಗಿ ಕೊಟ್ಟ ಸರ್ಕಾರಗಳೂ ಬಾರದ ಬೆಳೆಯ ಪೂರ್ತಿ ಲಾಭವನ್ನು ಬಡ್ಡಿ ಸಮೇತ ಕೊಡತಕ್ಕದ್ದು. ಪಂಚನಾಮೆಗೆ ಬಂದವರು ಹೆಲಿಕಾಪ್ಟರಿನಿಂದ ಇಳಿಯತಕ್ಕದ್ದು. ಹಣ ಕೊಡದಿದ್ದರೆ ಜಪ್ತಿ: ಕೇರ್ನ್ ಎನರ್ಜಿ ತನ್ನ ತೆರಿಗೆ ಜಗಳದಲ್ಲಿ ಗೆದ್ದು, 2021ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಭಾರತ ಸರ್ಕಾರದ ಸುಮಾರು 20 ಆಸ್ತಿಗಳ ಮೇಲೆ ಫ್ರಾನ್ಸಿನ ಕೋರ್ಟಿನಿಂದ ಆದೇಶ ತಂದಿತ್ತಲ್ಲ, ಹಾಗೆ. ಮರುವರ್ಷ ₹7,900 ಕೋಟಿ ಬಂದು ಸೇರಿತು. ಬ್ಯಾಂಕಿನವರು ಟ್ರ್ಯಾಕ್ಟರ್ ಒಯ್ಯುವುದನ್ನಷ್ಟೇ ಕಂಡಿದ್ದ ಕಾಕಾ ಈ ಕಲಮನ್ನು ಎರಡು ಸಲ ಓದಿಸಿದ.

ಕರಡಿಗೆ ಕಾಮಾ ಹಾಕಿದ ವಕೀಲರಿಗೆ ಒಂದು ಸಂಕೋಚ. ಭಾರತ 2015ರ ಡಿಸೆಂಬರ್‌ನಲ್ಲಿ ಹೊಸ ಮಾದರಿ ಮಾಡಿ, ಮೊದಲು ಐದು ವರ್ಷ ಇಲ್ಲಿನ ಕೋರ್ಟು ಹತ್ತಿ ಆಮೇಲೆ ಹೊರಗೆ ಹೋಗಿ ಎಂದು ಷರತ್ತು ಹಾಕಿ, ಹಳೆಯ ಒಪ್ಪಂದಗಳನ್ನು ಸಾಲಾಗಿ ರದ್ದು ಮಾಡಿತು. ನನ್ನ ಕೇಳಿದರೆ ನಾವು ಮಾಡಿದ ಕೆಲವೇ ಬುದ್ಧಿವಂತ ಕೆಲಸಗಳಲ್ಲಿ ಅದೊಂದು. ಅದಕ್ಕೇ ಬಹಳ ದಿನ ಬಾಳಲಿಲ್ಲ. 2024ರಲ್ಲಿ ಯುಎಇಗೆ ಐದು ಮೂರಾಯಿತು. 2025ರ ಬಜೆಟ್‌ನಲ್ಲಿ ಮಾದರಿಯನ್ನೇ ಇನ್ನಷ್ಟು ಹೂಡಿಕೆದಾರ-ಸ್ನೇಹಿ ಮಾಡುತ್ತೇವೆಂದು ಹಣಕಾಸು ಸಚಿವರು ಹೇಳಿದರು. ಬ್ರಿಟನ್ನು, ಯುರೋಪಿನ ಒಕ್ಕೂಟ ಚಾರ್ಟರ್‌ನಿಂದ ಹೊರಗೆ ಕಾಲಿಟ್ಟದ್ದೂ ಅದೇ 2025ರಲ್ಲಿ. ಅವರು ಕಳಚಿಟ್ಟ ಅಂಗಿ ನಮಗೆ ಯಾವಾಗಲೂ ಸರಿಯಾಗಿ ಹೊಂದುತ್ತದೆ. ಇತ್ತ ವಿಶ್ವಸಂಸ್ಥೆಯ ಕಾರ್ಯತಂಡವೊಂದು ಈ ಪಂಚಾಯ್ತಿ ಪದ್ಧತಿಯನ್ನು ಸುಧಾರಿಸಲು 2017ರಿಂದ ಒಮ್ಮೆ ವಿಯೆನ್ನಾದಲ್ಲಿ, ಒಮ್ಮೆ ನ್ಯೂಯಾರ್ಕಿನಲ್ಲಿ ಸೇರುತ್ತಿದೆ. ಕಾಫಿ ಎರಡೂ ಕಡೆ ಚೆನ್ನಾಗಿರುತ್ತದಂತೆ.

ಹೊರಗೆ ಕಾಲಿಟ್ಟ ಮಾತ್ರಕ್ಕೆ ಬಿಡುಗಡೆಯೂ ಇಲ್ಲ. ಚಾರ್ಟರ್ ಬಿಟ್ಟ ದೇಶ ಅಲ್ಲಿಯವರೆಗೆ ಬಂದ ಹೂಡಿಕೆಗೆ ಇನ್ನೂ 20 ವರ್ಷ ಜವಾಬ್ದಾರ. ಇಟಲಿ 2016ರ ಜನವರಿಗೇ ಬಿಟ್ಟಿತ್ತು. ರಾಕ್‌ಹಾಪರ್ ದಾವೆ ಹಾಕಿದ್ದು 2017ರಲ್ಲಿ. 1994ರಲ್ಲಿ ಸಹಿ ಹಾಕಿದವರ ಮೊಮ್ಮಕ್ಕಳು 2045ರಲ್ಲೂ ಕಲ್ಲಿದ್ದಲಿಗೆ ಕ್ಷಮೆ ಕೇಳುತ್ತಿರಬಹುದು.

ಇದನ್ನು ಕೇಳಿ ವಕೀಲರಿಗೆ ಊರಿನ ಅಭಿಮಾನ ಉಕ್ಕಿತು. ಹಿಂದೂ ಅವಿಭಕ್ತ ಕುಟುಂಬದ ಕಾನೂನಿಗೆ ಬುನಾದಿಯಾದ ಮಿತಾಕ್ಷರ ಹುಟ್ಟಿದ್ದು ಇದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನಿಂದ. ಅವನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಸಾಲದ ಬಗ್ಗೆ ಸ್ಪಷ್ಟ ನಿಯಮವಿದೆ ಎಂದರು: ಅಪ್ಪನ ಸಾಲ ಮಗ ತೀರಿಸಬೇಕು, ಆದರೆ ಅಪ್ಪ ಕುಡಿತಕ್ಕೆ, ಜೂಜಿಗೆ, ಹೆಣ್ಣಿನ ಹುಚ್ಚಿಗೆ ಮಾಡಿದ ಸಾಲ, ಕಟ್ಟದೆ ಉಳಿಸಿದ ದಂಡ, ಪುಕ್ಕಟೆ ಕೊಟ್ಟ ಭಾಷೆ, ಇವುಗಳಿಗೆ ಮಗ ಹೊಣೆಯಲ್ಲ. ಒಂಬೈನೂರು ವರ್ಷದ ಹಿಂದೆ ಕಲ್ಯಾಣದಲ್ಲಿ ತಿಳಿದಿದ್ದದ್ದು ಲಿಸ್ಬನ್ನಿಗೆ ಹೋದವರಿಗೆ ತಿಳಿಯಲಿಲ್ಲ.

"ಹಂಗಾದ್ರ ವಕೀಲ ಸಾಹೇಬ್ರ," ಎಂದ ಕಾಕಾ, "ಈ ಕಲ್ಲಿದ್ದಲಿ ಸಾಲ ಕುಡ್ತದಾಗ ಬರ್ತದೋ, ಜೂಜಿನಾಗ ಬರ್ತದೋ?"

ವಕೀಲರು ಕನ್ನಡಕ ಒರೆಸಿಕೊಂಡರು. "ಎರಡರಾಗೂ ಇಲ್ಲ ಕಾಕಾ, ಹೂಡಿಕೆಯೊಳಗ ಬರ್ತದ. ಮೊದಲನೇ ತಾರೀಖಿನ ಫೀಸು ಮುಂಗಡ ಕೊಡಬೇಕಾಗ್ತದ, ಯೂರೋದಾಗ."